ಗೇಟಿನೊಳಗೆ ಹೋಗದ ವಿಕ್ರಮ್: ಕೊಳ್ಳುವ ಮೊದಲು ಕೂತು ಲೆಕ್ಕ ಹಾಕೋಣ

ಯೌವನಸ್ಥರ ಕೂಟದ ಪಾಠ, ಹುಮನಾಬಾದ್
ವಾಕ್ಯಭಾಗ: ಲೂಕ 14:28-30, ಮಾರ್ಕ 7:9-13, ವಿಮೋಚನಕಾಂಡ 16:16-20

ಬಸವಕಲ್ಯಾಣದಿಂದ ಬಂದವರು ಸ್ವಲ್ಪ ಕೈ ಎತ್ರಿ ನೋಡೋಣ. ಹುಮನಾಬಾದಿನವರು? ಹೈದರಾಬಾದ್, ಪುಣೆ, ಬೆಂಗಳೂರಲ್ಲಿ ಕೆಲಸ ಮಾಡ್ತಾ ರಜೆಗೆ ಊರಿಗೆ ಬಂದವರು? ದೇವರಿಗೆ ಸ್ತೋತ್ರ. ಇಷ್ಟು ಜನ ಬಂದಿರೋದು ನೋಡಿ ಮನಸ್ಸು ತುಂಬಿತು.

ಇವತ್ತಿನ ಪಾಠ ಸ್ವಲ್ಪ ಬೇರೆ ಥರ ಇದೆ. ಒಂದು ಬಾಹ್ಯಾಕಾಶ ನೌಕೆಯ ಬಗ್ಗೆ ಹೇಳ್ತೀನಿ. ನಿಜವಾದ ನೌಕೆ ಅಲ್ಲ, ಅದರ ಪೂರ್ತಿ ಅಳತೆಯ ನಕಲು. ಅದನ್ನ ದುಡ್ಡು ಕೊಟ್ಟು ಕೊಂಡವರು ನಾವೇ. ಕೊಳ್ಳೋಣ ಅಂತ ಮೊದಲು ಎದ್ದು ನಿಂತು ಹೇಳಿದವನು ನಾನೇ. ಆದ್ದರಿಂದ ಇದು ಪಾಠವೂ ಹೌದು, ನನ್ನ ಅರಿಕೆಯೂ ಹೌದು.

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ನಿಮಗೆಲ್ಲ ನೆನಪಿರಬೇಕು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ನಾವು ಬಸವಕಲ್ಯಾಣದಲ್ಲಿ ಸಭೆಯ ಪ್ರೊಜೆಕ್ಟರಿನಲ್ಲಿ ಅದನ್ನ ನೋಡಿದ್ವಿ. ಇಳಿದ ಕೂಡಲೇ ಹುಡುಗರು ಕುರ್ಚಿ ಬಿಟ್ಟು ಎದ್ದು ಕುಣಿದರು. ನಾನೂ ಕುಣಿದೆ. ನಾಲ್ಕು ವರ್ಷದ ಹಿಂದೆ, 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಬಿದ್ದು ಹೋದಾಗ ಇದೇ ಹುಡುಗರು ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಗಿದ್ದರು. ಹಾಗಾಗಿ ಆ ಸಂತೋಷದಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ನವೆಂಬರಿನಲ್ಲಿ ಶುರುವಾಯಿತು. ಕ್ರಿಸ್ಮಸ್ ಮೆರವಣಿಗೆಗೆ ಏನು ಟ್ಯಾಬ್ಲೋ ಮಾಡೋಣ ಅಂತ ಕಮಿಟಿ ಕೂತಿತ್ತು. ಪ್ರತಿ ವರ್ಷ ಗೋದಲಿ, ಕುರಿ, ಜ್ಞಾನಿಗಳು, ಒಂಟೆಯ ಬದಲು ಅಲಂಕಾರ ಮಾಡಿದ ಬೈಕು. ನಾನು ಹೇಳಿದೆ, "ಆಗಿನ ಜ್ಞಾನಿಗಳು ನಕ್ಷತ್ರ ನೋಡಿ ಬಂದರು. ಈಗಿನವರು ಚಂದ್ರನ ಮೇಲೆ ಇಳಿದಿದ್ದಾರೆ. ವಿಕ್ರಮ್ ಲ್ಯಾಂಡರನ್ನೇ ಟ್ರೇಲರ್ ಮೇಲೆ ನಿಲ್ಲಿಸೋಣ. ಸಣ್ಣ ಮಾಡೆಲ್ ಬ್ಯಾಡ, ಫುಲ್ ಸೈಜ್." ಎಲ್ಲರ ಕಣ್ಣು ಹೊಳೆಯಿತು.

ಹೈದರಾಬಾದಿನಲ್ಲಿ ಸ್ಟೇಜ್ ಅಲಂಕಾರ ಮಾಡುವವರೊಬ್ಬರು ಆಗಸ್ಟ್ ಆದ ಮೇಲೆ ಒಂದು ಸಮಾರಂಭಕ್ಕೆ ಇಂಥದ್ದನ್ನ ಮಾಡಿ ಇಟ್ಟಿದ್ದರು. ಕಬ್ಬಿಣದ ಪೈಪಿನ ಚೌಕಟ್ಟು, ಮೇಲೆ ಫೈಬರ್, ಸುತ್ತಲೂ ಬಂಗಾರದ ಬಣ್ಣದ ಹಾಳೆ, ನಾಲ್ಕು ಕಾಲು. ನಿಜವಾದ ವಿಕ್ರಮಿನ ದೇಹ ಸುಮಾರು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಇದೂ ಅದೇ ಅಳತೆ. ಬೆಲೆ 1,45,000 ರೂಪಾಯಿ. ಲಾರಿ ಬಾಡಿಗೆ 16,000. ಟ್ರೇಲರ್, ಲೈಟು, ಜನರೇಟರ್ ಸೇರಿ 22,000. ಒಟ್ಟು 1,83,000.

ದುಡ್ಡು ಎಲ್ಲಿಂದ ಬಂತು? ಯುವ ನಿಧಿಯಲ್ಲಿ 70,000 ಇತ್ತು. ಹುಡುಗರು ಕೈಯಿಂದ ಹಾಕಿದ್ದು 60,000. ಉಳಿದ 53,000 ಒಬ್ಬ ತಮ್ಮ ತನ್ನ ಕ್ರೆಡಿಟ್ ಕಾರ್ಡಿನಿಂದ ಕೊಟ್ಟ. ಬಡ್ಡಿ ಎಷ್ಟು ಅಂತ ನಾನು ಕೇಳಲಿಲ್ಲ. "ವಿಶ್ವಾಸದಿಂದ ಮಾಡೋಣ, ಕರ್ತನು ಕೊಡ್ತಾನೆ" ಅಂದೆ. ಆ ಮಾತು ಬಾಯಿಂದ ಬಂದ ಮೇಲೆ ಯಾರೂ ಪ್ರಶ್ನೆ ಕೇಳೋದಿಲ್ಲ ಅಂತ ನನಗೆ ಗೊತ್ತಿತ್ತು. ಪ್ರಿಯರೇ, ಇದನ್ನ ನೆನಪಿಡಿ, ಆಮೇಲೆ ಇದಕ್ಕೆ ಮತ್ತೆ ಬರ್ತೀನಿ.

ಲಾರಿ ಜಹೀರಾಬಾದ್ ದಾಟಿ ಇದೇ ಹುಮನಾಬಾದಿನ ಮೇಲೆ ಬಂತು. ಇಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸೇರಿ ಸೆಲ್ಫಿ ತೆಗೆದುಕೊಂಡರಂತೆ. ನಮಗೆ ವಿಡಿಯೋ ಬಂತು, ನಾವು ಸ್ಟೇಟಸ್ ಹಾಕಿದ್ವಿ. ಸಸ್ತಾಪುರ ಬಂಗ್ಲಾದಲ್ಲಿ ಬೈಕಿನ ಮೇಲೆ ಹುಡುಗರು ಎದುರುಗೊಂಡರು. ರಾತ್ರಿ ಹತ್ತಕ್ಕೆ ಲಾರಿ ಸಭೆಯ ಮುಂದೆ ನಿಂತಿತು. ಆಗ ಗೊತ್ತಾಯಿತು. ನೌಕೆ ಗೇಟಿಗಿಂತ ಅಗಲ! ಕಾಲು ಬಿಚ್ಚಿದರೂ ಆಗಲಿಲ್ಲ, ಅಡ್ಡ ಮಾಡಿದರೂ ಆಗಲಿಲ್ಲ. 1,83,000 ಖರ್ಚು ಮಾಡಿದ ನಾವು ಟೇಪು ಹಿಡಿದು ನಮ್ಮ ಗೇಟನ್ನ ಒಂದು ಸಲ ಅಳೆದಿರಲಿಲ್ಲ.

ನಗ್ರಿ, ನಗ್ರಿ. ನಾನೂ ಈಗ ನಗ್ತೀನಿ. ಅವತ್ತು ಕೊನೆಗೆ ಹತ್ತು ಜನ ಸೇರಿ ಕಂಪೌಂಡ್ ಗೋಡೆಯ ಮೇಲಿಂದ ಎತ್ತಿ ಒಳಗೆ ಇಳಿಸಿದ್ವಿ. ಆ ಹತ್ತು ಜನರಲ್ಲಿ ಒಬ್ಬರು ನಮ್ಮ ಸಭೆಯ ಒಬ್ಬ ಹಿರಿಯ ವಿಶ್ವಾಸಿ, ಗೌಂಡಿ ಕೆಲಸ ಮಾಡುವವರು. ಅವರ ಬಗ್ಗೆಯೂ ಆಮೇಲೆ ಹೇಳ್ತೀನಿ.

ಈಗ ಒಂದು ಪ್ರಶ್ನೆ. ನಕಲು ಮಾಡೋದೇ ತಪ್ಪಾ? ಅಲ್ಲ. ಮೋಶೆಗೆ ದೇವರು ಬೆಟ್ಟದ ಮೇಲೆ ಒಂದು ಮಾದರಿ ತೋರಿಸಿದ, ಅದರ ಪ್ರಕಾರವೇ ಗುಡಾರ ಮಾಡು ಅಂದ. ಅಂದರೆ ಮಾದರಿ ನೋಡಿ ಮಾಡುವ ಕೆಲಸ ದೇವರಿಗೆ ಇಷ್ಟವಿಲ್ಲದ್ದಲ್ಲ. ಪ್ರಶ್ನೆ ಇರೋದು, ಆ ನಕಲು ಯಾವ ಕೆಲಸಕ್ಕೆ ಅನ್ನೋದರಲ್ಲಿ.

ನಾಚಿಕೆಯಾದ ಮೇಲೆ ನಾನು ಕೂತು ಓದಿದೆ. ಪೂರ್ತಿ ಅಳತೆಯ ನೌಕೆಗಳನ್ನ ಯಾರು ಯಾಕೆ ಮಾಡ್ತಾರೆ ಅಂತ. 1977ರಲ್ಲಿ ಅಮೆರಿಕದ ನಾಸಾ ಉಕ್ಕು ಮತ್ತು ಮರದಿಂದ ಒಂದು ಸ್ಪೇಸ್ ಷಟಲ್ ಮಾದರಿ ಮಾಡಿತು. ಆಮೇಲೆ ಅದಕ್ಕೆ ಪಾತ್‌ಫೈಂಡರ್ ಅಂತ ಹೆಸರಾಯಿತು. ಯಾಕೆ ಮಾಡಿದರು ಗೊತ್ತಾ? ನಿಜವಾದ ಷಟಲ್ ರಸ್ತೆಯಲ್ಲಿ ಹೋಗುತ್ತಾ, ಕಟ್ಟಡದ ಒಳಗೆ ಹಿಡಿಸುತ್ತಾ, ಕ್ರೇನು ಎತ್ತುತ್ತಾ ಅಂತ ನೋಡೋದಕ್ಕೆ! ಅವರು ನಕಲು ಮಾಡಿದ್ದು ಗೇಟು ಅಳೆಯೋದಕ್ಕೆ. ನಾವು ಗೇಟು ಅಳೆಯದೆ ನಕಲು ಕೊಂಡಿದ್ವಿ. ಇದನ್ನ ಓದಿದ ದಿನ ನಾನು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಇಸ್ರೋದಲ್ಲೂ ಹಾಗೇ. ಒಂದು ಉಪಗ್ರಹ ಹಾರುವ ಮೊದಲು ಅದರ ಮಾದರಿಗಳನ್ನ ಮಾಡ್ತಾರೆ. ಅವನ್ನ ಅಲುಗಾಡಿಸ್ತಾರೆ, ಕಾಯಿಸ್ತಾರೆ, ತಣ್ಣಗೆ ಮಾಡ್ತಾರೆ, ಎಲ್ಲಿ ಒಡೆಯುತ್ತೆ ಅಂತ ಹುಡುಕ್ತಾರೆ. ನಮ್ಮ ಕರ್ನಾಟಕದಲ್ಲೇ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿಯಲ್ಲಿ, ಚಂದ್ರನ ಮೇಲಿರುವಂಥ ಕುಳಿಗಳನ್ನ ನೆಲದಲ್ಲಿ ತೋಡಿದರು. ಲ್ಯಾಂಡರಿನ ಸೆನ್ಸರುಗಳನ್ನ ವಿಮಾನದಲ್ಲಿಟ್ಟು ಆ ಕುಳಿಗಳ ಮೇಲೆ ಹಾರಿಸಿ ನೋಡಿದರು. ಚಂದ್ರನ ಮಣ್ಣಿನಂಥ ಮಣ್ಣು ಬೇಕು ಅಂತ ತಮಿಳುನಾಡಿನ ನಾಮಕ್ಕಲ್ ಕಡೆಯಿಂದ ಕಲ್ಲು ತಂದು ಪುಡಿ ಮಾಡಿದರು. ಚಂದ್ರಯಾನ-3ರ ಹೊತ್ತಿಗೆ ಹೆಲಿಕಾಪ್ಟರಿನಿಂದ ಪರೀಕ್ಷೆ, ದೊಡ್ಡ ಕ್ರೇನಿನಿಂದ ಪರೀಕ್ಷೆ, ಕಾಲುಗಳನ್ನ ಆ ಕೃತಕ ಮಣ್ಣಿನ ಮೇಲೆ ಬೇರೆ ಬೇರೆ ರೀತಿ ಇಳಿಸಿ ಪರೀಕ್ಷೆ. ಚಂದ್ರಯಾನ-2 ಬಿದ್ದಿತ್ತಲ್ಲ, ಈ ಸಲ ಎಲ್ಲೆಲ್ಲಿ ಸೋಲಬಹುದು ಅನ್ನೋದನ್ನ ಮೊದಲೇ ಪಟ್ಟಿ ಮಾಡಿ, ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿದರು. ಈ ನಕಲುಗಳೆಲ್ಲ ಇದ್ದದ್ದು ನಿಜವಾದದ್ದು ಬೀಳದಿರಲಿ ಅಂತ.

ಇನ್ನೊಂದು ವಿಷಯ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. 360 ಕಿಲೋ ತೂಕ. ಅದನ್ನ ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ. 1981ರಲ್ಲಿ ಆ್ಯಪಲ್ ಅನ್ನುವ ಉಪಗ್ರಹವನ್ನ ಎತ್ತಿನ ಗಾಡಿಯ ಮೇಲಿಟ್ಟ ಫೋಟೋ ನೀವು ನೋಡಿರ್ತೀರಿ. ಬಡತನಕ್ಕೆ ಗಾಡಿ ತಂದರು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ. ಆಂಟೆನಾ ಪರೀಕ್ಷೆಗೆ ಲೋಹದ ಲಾರಿ ಅಡ್ಡಿ ಮಾಡ್ತಿತ್ತು, ಮರದ ಗಾಡಿ ಮಾಡ್ತಿರಲಿಲ್ಲ. ಕೆಲಸಕ್ಕೆ ಯಾವುದು ಬೇಕೋ ಅದನ್ನ ತಂದರು. ನೋಡುವವರು ಏನು ಅಂದುಕೊಳ್ತಾರೆ ಅಂತ ಯೋಚಿಸಲಿಲ್ಲ. ಹಲ್ಲೆಲೂಯಾ! ಇದನ್ನ ನಿಮ್ಮ ಪಕ್ಕದವರಿಗೆ ಹೇಳಿ: ಕೆಲಸಕ್ಕೆ ಬೇಕಾದದ್ದು ಸಾಕು.

ತೋರಿಸೋದಕ್ಕೆ ಇಟ್ಟ ನಕಲುಗಳೂ ಇವೆ. ಅವೆಲ್ಲ ಕೆಟ್ಟವು ಅಂತ ನಾನು ಹೇಳಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಪ್ರತಿಕೃತಿ ಇದೆ. ಶಾಲೆ ಮಕ್ಕಳು ಬಾಯಿ ತೆರೆದು ನೋಡ್ತಾರೆ, ಕಲೀತಾರೆ. ಅಮೆರಿಕದ ಹ್ಯೂಸ್ಟನ್ ನಗರಕ್ಕೆ 2011ರಲ್ಲಿ ನಿಜವಾದ ಷಟಲ್ ಸಿಗಲಿಲ್ಲ. ಮರುವರ್ಷ ಒಂದು ಪೂರ್ತಿ ಅಳತೆಯ ಪ್ರತಿಕೃತಿ ದೋಣಿಯ ಮೇಲೆ ಬಂತು. ಅದನ್ನ ನಿಜವಾದ ವಿಮಾನವೊಂದರ ಬೆನ್ನ ಮೇಲೆ ಕೂರಿಸಿ, 2016ರಿಂದ ಜನರಿಗೆ ಒಳಗೆ ಹೋಗಿ ನೋಡೋದಕ್ಕೆ ಬಿಟ್ಟರು. ಅಲ್ಲಿ ಮಕ್ಕಳಿಗೆ ಕಲಿಯೋದಕ್ಕೆ ಏನೋ ಇದೆ.

ಆದರೆ ರಷ್ಯಾದ ಕಥೆ ಕೇಳಿ. ಸೋವಿಯತ್ ದೇಶ ಬುರಾನ್ ಅನ್ನುವ ನೌಕೆ ಮಾಡಿತು. 1988ರ ನವೆಂಬರ್ 15ರಂದು ಮನುಷ್ಯರಿಲ್ಲದೆ ಭೂಮಿಯನ್ನ ಎರಡು ಸುತ್ತು ಹಾಕಿ ತಾನಾಗೇ ಇಳಿಯಿತು. ಅದೇ ಮೊದಲು, ಅದೇ ಕೊನೆ. ಯೋಜನೆ ನಿಂತುಹೋಯಿತು. ನೆಲದ ಮೇಲೆ ಪರೀಕ್ಷೆಗೆ ಅಂತ ಕಟ್ಟಿದ್ದ ಒಂದು ಮಾದರಿಯನ್ನ ಮಾಸ್ಕೋದ ಗೋರ್ಕಿ ಪಾರ್ಕಿನಲ್ಲಿ ನಿಲ್ಲಿಸಿದರು. ವರ್ಷಗಟ್ಟಲೆ ಜನ ಅದನ್ನ ನೋಡಿದರು, ಫೋಟೋ ತೆಗೆದರು. ಆಕಾಶಕ್ಕೆ ಹೋಗಿ ಬಂದ ನಿಜವಾದ ಬುರಾನ್ ದೂರದ ಬೈಕನೂರಿನ ಒಂದು ಹ್ಯಾಂಗರಿನಲ್ಲಿತ್ತು. 2002ರ ಮೇ 12ರಂದು, ಛಾವಣಿ ದುರಸ್ತಿ ನಡೆಯುತ್ತಿದ್ದಾಗ, ಛಾವಣಿ ಕುಸಿಯಿತು. ಕೆಲಸಗಾರರು ಸತ್ತರು. ನೌಕೆ ನುಚ್ಚುನೂರಾಯಿತು.

ಈ ಕಥೆ ಓದುವಾಗ ನನಗೆ ಆ ಗೌಂಡಿ ಅಣ್ಣನ ಮುಖ ಕಂಡಿತು. ಪಾರ್ಕಿನಲ್ಲಿ ನಿಂತದ್ದರ ಮುಂದೆ ಜನ ಇದ್ದರು. ನಿಜವಾದದ್ದರ ಮೇಲಿನ ಛಾವಣಿ ಹೇಗಿದೆ ಅಂತ ಎಷ್ಟು ಜನ ಕೇಳಿದ್ದಾರು? ನಮ್ಮ ಸಭೆಯಲ್ಲೂ ಅದೇ ಆಗಿತ್ತು.

ಆ ಅಣ್ಣನ ಮಗಳು ನರ್ಸಿಂಗ್ ಮೊದಲ ವರ್ಷದಲ್ಲಿದ್ದಳು. ಆ ತಂಗಿಯ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಅವಳ ಎರಡನೇ ಕಂತಿನ ಫೀಸಿಗೆ 30,000 ಕೊಡ್ತೀವಿ ಅಂತ ನಾವು ಜುಲೈ ತಿಂಗಳ ಕೂಟದಲ್ಲಿ ಎಲ್ಲರ ಮುಂದೆ ಮಾತು ಕೊಟ್ಟಿದ್ವಿ. ಪ್ರಾರ್ಥನೆ ಮಾಡಿ, ಚಪ್ಪಾಳೆ ತಟ್ಟಿ ಕೊಟ್ಟ ಮಾತು. ನಿಧಿಯಲ್ಲಿದ್ದ 70,000ದಲ್ಲಿ ಆ 30,000 ಇತ್ತು. ಕಟ್ಟುವ ಕೊನೆಯ ದಿನ ಡಿಸೆಂಬರ್ 20. "ಕ್ರಿಸ್ಮಸ್ ಮುಗೀಲಿ, ಕಾಣಿಕೆ ಬರುತ್ತೆ, ಆಗ ಕೊಡೋಣ" ಅಂತ ನಾನು ಹೇಳಿದೆ. ಕಾಲೇಜಿನ ನಿಯಮ ಎಲ್ಲರಿಗೂ ಒಂದೇ, ಅವರನ್ನ ದೂರೋದಿಲ್ಲ. ಅವಳು ಕಟ್ಟಲಿಲ್ಲ, ಓದು ನಿಂತಿತು. ಜನವರಿಯಲ್ಲಿ ಹೈದರಾಬಾದಿಗೆ ಹೋಗಿ ಒಂದು ಔಷಧದ ಅಂಗಡಿಯಲ್ಲಿ ನಿಂತಳು.

ಆ ರಾತ್ರಿ ಲಾರಿ ಬಂದಾಗ ಅವಳ ಅಪ್ಪ ನೌಕೆಯ ಒಂದು ಕಾಲು ಹಿಡಿದು ಎತ್ತಿದರು. ಗೋಡೆಯ ಮೇಲಿಂದ ಒಳಗೆ ಇಳಿಸಿದರು. ಕೈ ಒರೆಸಿಕೊಂಡು, "ಪ್ರೈಸ್ ದ ಲಾರ್ಡ್ ಬ್ರದರ್" ಅಂತ ಹೇಳಿ ಮನೆಗೆ ಹೋದರು. ಫೀಸಿನ ಬಗ್ಗೆ ಒಂದು ಮಾತು ಆಡಲಿಲ್ಲ. ನನಗೆ ಆವತ್ತು ಅದು ನೆನಪಿಗೂ ಬರಲಿಲ್ಲ.

ಈಗ ವಾಕ್ಯಕ್ಕೆ ಬರೋಣ. ಮೊದಲನೆಯದಾಗಿ ಲೂಕ 14. ಬುರುಜು ಕಟ್ಟಬೇಕು ಅನ್ನುವ ಮನುಷ್ಯನ ಬಗ್ಗೆ ಯೇಸುಸ್ವಾಮಿ ಹೇಳ್ತಾನೆ. ಅವನು ಮೊದಲು ಏನು ಮಾಡಬೇಕು? ಕೂತುಕೊಳ್ಳಬೇಕು. ಕೂತು, ಮುಗಿಸೋದಕ್ಕೆ ತನ್ನ ಹತ್ತಿರ ಇದೆಯಾ ಅಂತ ಎಣಿಸಬೇಕು. ಇದು ಶಿಷ್ಯತ್ವದ ಬೆಲೆಯ ಬಗ್ಗೆ ಹೇಳಿದ ಮಾತು ಅಂತ ನನಗೆ ಗೊತ್ತು. ಆದರೆ ಉದಾಹರಣೆಗೆ ಕರ್ತನು ಆರಿಸಿಕೊಂಡದ್ದು ಲೆಕ್ಕದ ಪುಸ್ತಕ. ಲೆಕ್ಕ ಹಾಕೋದು ಅವಿಶ್ವಾಸ ಅಂತ ನಮ್ಮಲ್ಲಿ ಕೆಲವರು ತಿಳ್ಕೊಂಡಿದ್ದೀವಿ. ನಾನೂ ತಿಳ್ಕೊಂಡಿದ್ದೆ. ಯಾರಾದರೂ ರಸೀದಿ ಕೇಳಿದರೆ "ನಿನಗೆ ವಿಶ್ವಾಸ ಕಡಿಮೆ" ಅಂತ ಬಾಯಿ ಮುಚ್ಚಿಸ್ತಿದ್ದೆ. ಪ್ರಿಯರೇ, ವಿಶ್ವಾಸ ಬೇರೆ, ಇನ್ನೊಬ್ಬರ ಕ್ರೆಡಿಟ್ ಕಾರ್ಡು ಬೇರೆ. ಆ ತಮ್ಮ ಹನ್ನೊಂದು ತಿಂಗಳು ಆ ಸಾಲ ತೀರಿಸಿದ.

ಎರಡನೆಯದಾಗಿ ಮಾರ್ಕ 7. ಇದು ನನ್ನನ್ನ ಮುರಿದ ಭಾಗ. ಆ ಕಾಲದಲ್ಲಿ ಒಂದು ಪದ್ಧತಿ ಇತ್ತು. ತಂದೆತಾಯಿಗೆ ಕೊಡಬೇಕಾದ ದುಡ್ಡನ್ನ "ಕೊರ್ಬಾನ್" ಅಂತ ಹೇಳಿಬಿಟ್ಟರೆ, ಅಂದರೆ ಇದು ದೇವರಿಗೆ ಮೀಸಲು ಅಂದರೆ, ಆಮೇಲೆ ಅಪ್ಪ ಅಮ್ಮನಿಗೆ ಏನೂ ಕೊಡಬೇಕಾಗಿಲ್ಲ. ಯೇಸುಸ್ವಾಮಿ ಅದನ್ನ ಖಂಡಿಸಿದ. ದೇವರ ಹೆಸರು ಹೇಳಿ ಮನುಷ್ಯನಿಗೆ ಕೊಡಬೇಕಾದದ್ದನ್ನ ತಪ್ಪಿಸೋದನ್ನ ಆತನು ಭಕ್ತಿ ಅಂತ ಕರೆಯಲಿಲ್ಲ. ನಾನು ಕೊರ್ಬಾನ್ ಅನ್ನುವ ಪದ ಬಳಸಲಿಲ್ಲ. "ಸುವಾರ್ತೆಗಾಗಿ" ಅಂದೆ. "ಮೆರವಣಿಗೆ ನೋಡಿ ಎಷ್ಟು ಆತ್ಮಗಳು ಬರ್ತಾವೆ" ಅಂದೆ. ಕೆಲಸ ಒಂದೇ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಬುದ್ಧಿವಂತರು ಕೇಳ್ತೀರಿ. ಬ್ರದರ್, ಹಾಗಾದರೆ ಮರಿಯಳು ಬೆಲೆಬಾಳುವ ತೈಲವನ್ನ ಯೇಸುವಿನ ಪಾದಕ್ಕೆ ಸುರಿದಳಲ್ಲ? ಅದನ್ನ ಮಾರಿ ಬಡವರಿಗೆ ಕೊಡಬಹುದಿತ್ತು ಅಂದವನು ಯೂದನಲ್ಲವಾ? ಒಳ್ಳೆ ಪ್ರಶ್ನೆ. ನಮ್ಮ ಕಮಿಟಿಯಲ್ಲಿ ಒಬ್ಬ ತಂಗಿ ಖರ್ಚು ಜಾಸ್ತಿ ಆಯ್ತು ಅಂದಾಗ ನಾನು ಅವಳಿಗೆ ಇದೇ ವಾಕ್ಯ ಹೇಳಿ ಕೂರಿಸಿದ್ದೆ. ದೇವರು ನನ್ನನ್ನ ಕ್ಷಮಿಸಲಿ. ಮತ್ತೆ ಓದಿ ನೋಡಿದೆ. ಮರಿಯಳು ಸುರಿದದ್ದು ಯಾರದ್ದು? ಅವಳದ್ದು. ಅವಳು ನೆರೆಮನೆಯವಳ ತೈಲ ತರಲಿಲ್ಲ. ಇನ್ನೊಬ್ಬಳಿಗೆ ಕೊಡ್ತೀನಿ ಅಂದಿದ್ದ ತೈಲ ತರಲಿಲ್ಲ. ಸಾಲದ ತೈಲ ತರಲಿಲ್ಲ. ಇನ್ನು ಯೂದ? ಅವನ ಕೈಯಲ್ಲಿ ಎಲ್ಲರ ದುಡ್ಡಿನ ಚೀಲ ಇತ್ತು, ಅದರಲ್ಲಿ ಹಾಕಿದ್ದನ್ನ ಅವನು ತೆಗೆದುಕೊಳ್ತಿದ್ದ ಅಂತ ಯೋಹಾನನು ಬರೀತಾನೆ. ಆ ಕಥೆಯಲ್ಲಿ ನಾನು ಮರಿಯಳ ಜಾಗದಲ್ಲಿ ನಿಂತಿದ್ದೀನಿ ಅಂದುಕೊಂಡಿದ್ದೆ. ಚೀಲ ಹಿಡಿದುಕೊಂಡಿದ್ದವನು ನಾನು.

ಮೂರನೆಯದಾಗಿ ವಿಮೋಚನಕಾಂಡ 16. ಅರಣ್ಯದಲ್ಲಿ ಮನ್ನ ಬಿತ್ತು. ಅವರವರಿಗೆ ಆ ದಿನಕ್ಕೆ ಬೇಕಾದಷ್ಟು ಕೂಡಿಸಿಕೊಳ್ಳಿ ಅಂತ ಅಪ್ಪಣೆ. ಕೆಲವರು ಮಾತು ಕೇಳದೆ ಬೆಳಗಿನ ತನಕ ಉಳಿಸಿಕೊಂಡರು. ಹುಳ ಬಿತ್ತು, ನಾರಿತು. ಮನ್ನ ಕೆಟ್ಟದ್ದಲ್ಲ, ಆಕಾಶದಿಂದ ಬಂದದ್ದು. ಬೇಕಾದದ್ದಕ್ಕಿಂತ ಜಾಸ್ತಿ ಹಿಡಿದುಕೊಂಡದ್ದರಿಂದ ಕೆಟ್ಟಿತು.

ನಮ್ಮ ಬಸವಕಲ್ಯಾಣದ ಮಕ್ಕಳಿಗೆ ಇದು ಹೊಸ ಪಾಠವೂ ಅಲ್ಲ. ಶಾಲೆಯಲ್ಲಿ ನೀವೆಲ್ಲ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿದ್ದೀರಿ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರ್ತಿದ್ದ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟು ಯಾಕೆ, ಹೆಚ್ಚಾದದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಸಭೆಯಲ್ಲಿ ಈ ಕಥೆ ಯಾಕೆ ಬ್ರದರ್ ಅಂತ ಕೇಳಬ್ಯಾಡ್ರಿ. ಎಂಟುನೂರು ವರ್ಷಕ್ಕೂ ಹಿಂದೆ ನಮ್ಮ ಊರಲ್ಲಿ ಒಬ್ಬ ಬಡ ಹೆಣ್ಣುಮಗಳು ಒಂದು ಸೇರು ಅಕ್ಕಿಯ ಲೆಕ್ಕ ಕೇಳಿದಳು. ಅದೇ ಊರಲ್ಲಿ ನಾನು 1,83,000ದ ಲೆಕ್ಕ ಕೇಳಿದ ತಂಗಿಯನ್ನ ಸುಮ್ಮನೆ ಕೂರಿಸಿದೆ. ಅದಕ್ಕೆ ಹೇಳ್ತಿದ್ದೀನಿ.

ಮೆರವಣಿಗೆ ಹೇಗಾಯಿತು ಅಂತ ಕೇಳ್ತೀರಾ? ಚೆನ್ನಾಗೇ ಆಯಿತು. ಜನ ನೋಡಿದರು. ರೀಲ್ಸ್ ಓಡಿತು. ಒಬ್ಬ ಸಣ್ಣ ಹುಡುಗ ಟ್ರೇಲರ್ ಪಕ್ಕ ನಡೀತಾ ಕೇಳಿದ, "ಅಂಕಲ್, ಇದರ ಒಳಗ ಏನೈತಿ?" ನಾನು ಬಗ್ಗಿ ನೋಡಿದೆ. ಪೈಪು, ಮುರಿದ ಥರ್ಮಾಕೋಲು, ಯಾರೋ ಬಿಟ್ಟ ನೀರಿನ ಬಾಟಲಿ. "ಏನಿಲ್ಲಪ್ಪ" ಅಂದೆ. 2 ತಿಮೊಥೆಯ 3ರಲ್ಲಿ ಪೌಲನು ಎಚ್ಚರಿಸೋದು ಇದನ್ನೇ. ಹೊರಗೆ ಭಕ್ತಿಯ ಆಕಾರ ಸರಿಯಾಗಿರುತ್ತೆ, ಒಳಗೆ ಶಕ್ತಿ ಇರಲ್ಲ. ನಿಜವಾದ ವಿಕ್ರಮಿನೊಳಗೆ 26 ಕಿಲೋ ತೂಕದ ಪ್ರಜ್ಞಾನ್ ರೋವರ್ ಇತ್ತು, ಇಳಿದು ನಡೆದು ಕೆಲಸ ಮಾಡಿತು. ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ ಆಯಿತು. ಅದು ದೊಡ್ಡ ಮೊತ್ತ. ಆದರೆ ಒಳಗೆ ಏನಿದೆ ಅಂತ ಮಗು ಕೇಳಿದರೆ ಹೇಳೋದಕ್ಕೆ ಅವರ ಹತ್ತಿರ ಉತ್ತರ ಇದೆ.

ಕ್ರಿಸ್ಮಸ್ ಆದ ಮೇಲೆ ನೌಕೆಯನ್ನ ಎಲ್ಲಿಡೋದು? ಸಭೆಯಲ್ಲಿ ಜಾಗ ಇಲ್ಲ. ಒಬ್ಬ ವಿಶ್ವಾಸಿಯ ಹೊಲದ ಶೆಡ್ಡಿನ ಹಿಂದೆ ಇಟ್ಟೆವು. ಬೇಸಿಗೆಗೆ ಬಂಗಾರದ ಹಾಳೆ ಸುಲಿಯಿತು. ಮಳೆಗೆ ಫೈಬರು ಒಡೆಯಿತು. ನಾನು ಜೂನಿನಲ್ಲಿ ನೋಡೋದಕ್ಕೆ ಹೋದಾಗ ಒಳಗೆ ಕೋಳಿ ಕಾವಿಗೆ ಕೂತಿತ್ತು. ಅಲ್ಲೇ ನಿಂತು ಅತ್ತೆ. ಅವತ್ತೇ ಆ ಗೌಂಡಿ ಅಣ್ಣನ ಮನೆಗೆ ಹೋದೆ.

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಮನೆಯಲ್ಲಿ ಕೂತ ಮೇಲೆ ಇಷ್ಟೇ ಬಂತು: "ಅಣ್ಣಾ, ಆ ದುಡ್ಡು ನಿಮ್ಮ ಮಗಳದ್ದಾಗಿತ್ತು. ನಾನು ಬೇರೆ ಕಡೆ ಹಾಕಿದೆ." ಅವರು ಬಹಳ ಹೊತ್ತು ನೆಲ ನೋಡಿದರು. "ಗೊತ್ತಿತ್ತು ಬ್ರದರ್" ಅಂದರು. "ದೇವರ ಕೆಲಸ ಅಂದ್ರಿ. ನಾ ಹೆಂಗ ಕೇಳಲಿ?"

ಯೌವನಸ್ಥರೇ, ಈ ಮಾತನ್ನ ನಾನು ಸಾಯೋ ತನಕ ಮರೆಯಲ್ಲ. ನಾನು ದೇವರ ಹೆಸರು ಮುಂದಿಟ್ಟದ್ದರಿಂದ ಒಬ್ಬ ತಂದೆ ತನ್ನ ಮಗಳಿಗೆ ಬರಬೇಕಾದದ್ದನ್ನ ಕೇಳೋದಕ್ಕೂ ಹೆದರಿದ.

ಜಕ್ಕಾಯನು ಪಶ್ಚಾತ್ತಾಪ ಪಟ್ಟಾಗ ಬರೀ ಅಳಲಿಲ್ಲ, ಎದ್ದು ನಿಂತು ವಾಪಸ್ ಕೊಡುವ ಲೆಕ್ಕ ಹೇಳಿದ. ಕಮಿಟಿಯಲ್ಲಿ ನಾನು ಎಲ್ಲರ ಮುಂದೆ ಒಪ್ಪಿಕೊಂಡೆ. ಲೆಕ್ಕ ಕೇಳಿದ ಆ ತಂಗಿಯ ಹತ್ತಿರವೂ ಕ್ಷಮೆ ಕೇಳಿದೆ. ಈಗ ನಿಧಿಯ ಪುಸ್ತಕ ಅವಳ ಕೈಯಲ್ಲಿದೆ. ನೌಕೆಯ ಕಬ್ಬಿಣ ಗುಜರಿಗೆ ಹೋಗಿ 9,000 ಬಂತು. ಉಳಿದದ್ದನ್ನ ನನ್ನ ಸಂಬಳದಿಂದ ಹಾಕಿದೆ. ಆ ಮಗಳು ಮರುವರ್ಷ ಮತ್ತೆ ಕಾಲೇಜಿಗೆ ಹೋದಳು. ಈಗ ತನಗಿಂತ ಚಿಕ್ಕವರ ಜೊತೆ ಕೂತು ಓದ್ತಾ ಇದ್ದಾಳೆ. ದುಡ್ಡು ವಾಪಸ್ ಕೊಟ್ಟೆ. ಅವಳ ಒಂದು ವರ್ಷವನ್ನ ನಾನು ವಾಪಸ್ ಕೊಡಲಾರೆ. ಅದಕ್ಕೆ ದೇವರ ಮುಂದೆ ದಿನವೂ ತಲೆ ತಗ್ಗಿಸ್ತೀನಿ.

ಈಗ ನಿಮ್ಮ ವಿಷಯ. ನೀವ್ಯಾರೂ ಚಂದ್ರಯಾನದ ಪ್ರತಿಕೃತಿ ಕೊಳ್ಳೋದಕ್ಕೆ ಹೊರಟಿಲ್ಲ. ಆದರೆ ಇಎಂಐಯಲ್ಲಿ ತಗೊಂಡ ಫೋನು? ಊರಿಗೆ ಬಂದಾಗ ತೋರಿಸೋದಕ್ಕೆ ಅಂತ ತಗೊಂಡ ಬೈಕು? ಎರಡು ತಾಸಿಗೆ ಮೂರು ಲಕ್ಷದ ಮದುವೆ ಸ್ಟೇಜು, ಅಪ್ಪ ಹತ್ತು ವರ್ಷ ತೀರಿಸುವ ಸಾಲ? ಸೌಲನು ದಾವೀದನಿಗೆ ತನ್ನ ಕವಚ ತೊಡಿಸಿದ. ರಾಜನ ಕವಚ, ಬೆಲೆಬಾಳುವಂಥದ್ದು. ದಾವೀದನು ಎರಡು ಹೆಜ್ಜೆ ನಡೆದು ನೋಡಿದ, ಇದು ನನಗೆ ಆಗಲ್ಲ ಅಂತ ಬಿಚ್ಚಿಟ್ಟ, ಹಳ್ಳಕ್ಕೆ ಹೋಗಿ ಐದು ಕಲ್ಲು ಆರಿಸಿಕೊಂಡ. ರಾಜನ ಮುಂದೆ ಅದನ್ನ ಬಿಚ್ಚಿಡೋದಕ್ಕೂ ಧೈರ್ಯ ಬೇಕು.

ಈ ವಾರ ಮನೆಗೆ ಹೋಗಿ ಒಂದು ಹಾಳೆ ತಗೊಳ್ಳಿ. ಮುಂದಿನ ಮೂರು ತಿಂಗಳಲ್ಲಿ ನೀವು ಕೊಳ್ಳಬೇಕು ಅಂದುಕೊಂಡಿರುವ ಒಂದು ದೊಡ್ಡ ವಸ್ತು ಬರೀರಿ. ಅದರ ಕೆಳಗೆ ಮೂರು ಪ್ರಶ್ನೆಗೆ ಉತ್ತರ ಬರೀರಿ. ಇದು ಯಾವ ಕೆಲಸಕ್ಕೆ? ಈ ದುಡ್ಡಿನಲ್ಲಿ ನಾನು ಆಗಲೇ ಯಾರಿಗಾದರೂ ಮಾತು ಕೊಟ್ಟದ್ದು ಇದೆಯಾ? ಇದರ ಲೆಕ್ಕವನ್ನ ನನ್ನನ್ನ ಧೈರ್ಯವಾಗಿ ಪ್ರಶ್ನೆ ಮಾಡುವ ಒಬ್ಬರಿಗೆ ತೋರಿಸಿದ್ದೀನಾ? ಎರಡನೇ ಪ್ರಶ್ನೆಯಲ್ಲಿ ಯಾರದಾದರೂ ಹೆಸರು ಬಂದರೆ, ಮೊದಲು ಅವರಿಗೆ ಫೋನ್ ಮಾಡಿ. ಮುಂದಿನ ಕೂಟಕ್ಕೆ ಹಾಳೆ ತರಬೇಕಾಗಿಲ್ಲ. ಫೋನ್ ಮಾಡಿದ್ರಾ ಇಲ್ಲವಾ ಅಂತ ಮಾತ್ರ ಕೇಳ್ತೀನಿ.

ಎಲ್ಲರೂ ಕಣ್ಣು ಮುಚ್ಚೋಣ. ತಂದೆಯೇ, ನಿನ್ನ ಹೆಸರನ್ನ ನಮ್ಮ ಆಸೆಗೆ ಮುಚ್ಚಳ ಮಾಡಿಕೊಂಡದ್ದನ್ನ ಕ್ಷಮಿಸು. ಕೂತು ಲೆಕ್ಕ ಹಾಕುವ ತಾಳ್ಮೆ ಕೊಡು. ನಮ್ಮ ಮುಂದೆ ಬಾಯಿ ಬಿಟ್ಟು ಕೇಳಲಾರದವರ ಪಾಲನ್ನ ನಾವಾಗಿಯೇ ನೆನಪಿಡುವ ಹಾಗೆ ಮಾಡು. ಆ ಮಗಳ ಓದನ್ನ ಆಶೀರ್ವದಿಸು. ಹೈದರಾಬಾದಿಗೆ, ಬೆಂಗಳೂರಿಗೆ, ಪುಣೆಗೆ ಮರಳಿ ಹೋಗುವ ಈ ಮಕ್ಕಳ ದುಡಿಮೆಯನ್ನ ಆಶೀರ್ವದಿಸು. ನಮ್ಮ ಒಳಗ ಏನೈತಿ ಅಂತ ಒಂದು ಮಗು ಕೇಳಿದರೆ ಹೇಳೋದಕ್ಕೆ ನಮ್ಮಲ್ಲಿ ಏನಾದರೂ ಇರಲಿ ಕರ್ತನೇ. ಯೇಸುವಿನ ನಾಮದಲ್ಲಿ ಬೇಡ್ತೀವಿ. ಆಮೆನ್.